ಇಂಟರ್ನೆಟ್ಟಿನೊಳಗೆ ಉಳಿದಿರುವ ಟೆಲಿಗ್ರಾಫ್

ನಿಮ್ಮ ಬ್ರೌಸರ್ ಒಂದು ಪುಟ ಬೇಕೆಂದು ಸರ್ವರ್‌ಗೆ ಕೋರಿಕೆ ಕಳಿಸುವಾಗ, ವೆಬ್ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ 1.1 ಪದ್ಧತಿಯ ನಿಯಮದಂತೆ, ಆ ಕೋರಿಕೆಯ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನು ಸೇರಿಸುತ್ತದೆ. ಅವುಗಳ ಸಂಖ್ಯೆ 13 ಮತ್ತು 10. ಮೊದಲನೆಯದು ‘ಅಚ್ಚಿನ ಗಾಡಿಯನ್ನು ಸಾಲಿನ ಆರಂಭಕ್ಕೆ ಎಳೆ’ ಎನ್ನುತ್ತದೆ. ಎರಡನೆಯದು ‘ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸು’ ಎನ್ನುತ್ತದೆ. ಸರ್ವರ್‌ನಲ್ಲಿ ಅಂಥ ಗಾಡಿಯೂ ಇಲ್ಲ, ಕಾಗದವೂ ಇಲ್ಲ. ಈ ಆಜ್ಞೆಗಳು ಡೊನಾಲ್ಡ್ ಮರ್ರೆ ಎಂಬ ಸಂಶೋಧಕ 1901ರ ಸುಮಾರಿಗೆ ಟೆಲಿಗ್ರಾಫ್ ಅಚ್ಚುಯಂತ್ರಗಳಿಗೆಂದು ರೂಪಿಸಿದ ಸಂಕೇತಪಟ್ಟಿಯಿಂದ ಬಂದವು. ಅಲ್ಲಿಂದ ಟೆಲಿಪ್ರಿಂಟರಿಗೆ, ಟೆಲಿಪ್ರಿಂಟರಿನಿಂದ, ಅಕ್ಷರಗಳಿಗೆ ಸಂಖ್ಯೆ ಕೊಡುವ 1963ರ ಆಸ್ಕಿ ಪಟ್ಟಿಗೆ, ಆಸ್ಕಿಯಿಂದ ವೆಬ್‌ಗೆ ನಡೆದುಬಂದಿವೆ.

ಆಸ್ಕಿಯಲ್ಲಿ ‘ಅಳಿಸು’ ಎಂಬ ಸಂಕೇತಕ್ಕೆ 127 ಎಂಬ ಸಂಖ್ಯೆ ಇರುವುದಕ್ಕೂ ಇದೇ ಕಾರಣ. ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಏಳು ಒಂದುಗಳ ಸಾಲು. ಟೆಲಿಗ್ರಾಫ್ ಕಚೇರಿಯಲ್ಲಿ ಸಂದೇಶವನ್ನು ಮೊದಲು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಕೊರೆಯುತ್ತಿದ್ದರು. ಒಮ್ಮೆ ಕೊರೆದ ತೂತನ್ನು ಮುಚ್ಚಲು ಬಾರದು. ಅದಕ್ಕೆ ತಪ್ಪಾದ ಅಕ್ಷರದ ಜಾಗದಲ್ಲಿ ಉಳಿದ ಎಲ್ಲ ತೂತುಗಳನ್ನೂ ಕೊರೆದುಬಿಡುತ್ತಿದ್ದರು. ಎಲ್ಲವೂ ತೂತಾಗಿದ್ದರೆ ‘ಇಲ್ಲಿ ಏನೂ ಇಲ್ಲ, ಮುಂದೆ ಹೋಗು’ ಎಂದು ಯಂತ್ರ ತಿಳಿಯುತ್ತಿತ್ತು.

ಟೆಲಿಗ್ರಾಫನ್ನು ಇಂಟರ್ನೆಟ್ ಜೊತೆ ಹೋಲಿಸುವವರು ಸಾಮಾನ್ಯವಾಗಿ ವೇಗದಿಂದ ಮಾತು ಶುರುಮಾಡುತ್ತಾರೆ: ವಾರಗಳ ದಾರಿ ನಿಮಿಷಗಳಿಗಿಳಿಯಿತು, ಲೋಕ ಚಿಕ್ಕದಾಯಿತು ಎಂದು. ಅದು ನಿಜ. ಆದರೆ ಅಲ್ಲಿಗೇ ನಿಂತರೆ ಹೋಲಿಕೆಯ ತಿರುಳು ಕೈತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಟೆಲಿಗ್ರಾಫ್‌ಗಿಂತ ಮುಂಚೆ ಸುದ್ದಿ ಹೋಗಬೇಕಾದರೆ ಒಬ್ಬ ಮನುಷ್ಯ, ಒಂದು ಕುದುರೆ, ಒಂದು ಹಡಗು ಹೋಗಬೇಕಿತ್ತು. ಟೆಲಿಗ್ರಾಫ್ ಸುದ್ದಿಯನ್ನು ಅದನ್ನು ಹೊರುವವನಿಂದ ಬಿಡಿಸಿತು. ಬಿಡಿಸಿದ ಕೂಡಲೇ ಕಳಿಸುವವನಿಗೂ ಪಡೆಯುವವನಿಗೂ ನಡುವೆ ಗುರುತಿಲ್ಲದವರ ಒಂದು ಸರಪಳಿ ಬಂದು ನಿಂತಿತು. ಸಂದೇಶ ಅವರ ಕೈಯಲ್ಲಿ ಕೆಟ್ಟರೆ? ಅವರು ಓದಿದರೆ? ತಡೆದರೆ? ತಮ್ಮವರದನ್ನು ಮೊದಲು ಕಳಿಸಿದರೆ? ಇಂಟರ್ನೆಟ್ ಇಂದು ಸೆಣಸುತ್ತಿರುವುದು ಇವೇ ಪ್ರಶ್ನೆಗಳೊಂದಿಗೆ. ಅದರ ಉತ್ತರಗಳಲ್ಲಿ ಹಲವು ಟೆಲಿಗ್ರಾಫ್ ಕಚೇರಿಗಳಲ್ಲೇ ಹುಟ್ಟಿದವು.

ವಿದ್ಯುತ್ತಿಗೂ ಮುಂಚಿನ ವಂಚನೆ

ಮೊದಲ ದೊಡ್ಡ ಜಾಲಕ್ಕೆ ತಂತಿಯೇ ಇರಲಿಲ್ಲ. ಕ್ಲಾಡ್ ಶಾಪ್ ಎಂಬ ಫ್ರೆಂಚ್ ಸಂಶೋಧಕ 1794ರಲ್ಲಿ ಪ್ಯಾರಿಸ್‌ನಿಂದ ಲೀಲ್ ನಗರದವರೆಗೆ ಎತ್ತರದ ಜಾಗಗಳಲ್ಲಿ ಗೋಪುರಗಳ ಸಾಲು ನಿಲ್ಲಿಸಿದ. ಪ್ರತಿ ಗೋಪುರದ ನೆತ್ತಿಯಲ್ಲೂ ತಿರುಗುವ ಮರದ ತೋಳುಗಳು. ಅಲ್ಲಿಯ ನೌಕರ ದೂರದರ್ಶಕದಲ್ಲಿ ಹಿಂದಿನ ಗೋಪುರದ ತೋಳುಗಳ ಭಂಗಿ ನೋಡಿ, ಅದನ್ನೇ ತನ್ನ ತೋಳುಗಳಲ್ಲಿ ತೋರಿಸುತ್ತಿದ್ದ. ಮುಂದಿನ ಗೋಪುರದವನು ಅದನ್ನು ನೋಡಿ ಹಾಗೆಯೇ ಮಾಡುತ್ತಿದ್ದ. ಸಂಕೇತದ ಪುಸ್ತಕ ಪ್ರಮುಖ ಠಾಣೆಗಳಲ್ಲಿ ಮಾತ್ರ ಇರುತ್ತಿದ್ದುದರಿಂದ ನಡುವಿನವರಿಗೆ ಸಂದೇಶದ ಅರ್ಥ ತಿಳಿಯುತ್ತಿರಲಿಲ್ಲ. ಸಂದೇಶದ ಜೊತೆಗೆ ‘ಹಿಂದಿನ ಸಂಕೇತ ತಪ್ಪು, ಅದನ್ನು ಬಿಟ್ಟುಬಿಡಿ’ ಎಂದು ಹೇಳುವ ಪ್ರತ್ಯೇಕ ಸಂಕೇತವೂ ಇತ್ತು.

ಆ ಒಂದು ಸಂಕೇತ ಸಾಕಾಯಿತು. ಬೋರ್ಡೋ ನಗರದ ಬ್ಲಾಂಕ್ ಸಹೋದರರು ಸರ್ಕಾರಿ ಸಾಲಪತ್ರಗಳ ವ್ಯಾಪಾರಿಗಳು. ಪ್ಯಾರಿಸ್ ಮಾರುಕಟ್ಟೆಯ ಏರಿಳಿತ ಅಂಚೆಯಲ್ಲಿ ಬೋರ್ಡೋ ತಲುಪಲು ದಿನಗಳು ಬೇಕು. ಅದಕ್ಕೂ ಮೊದಲೇ ತಿಳಿದವನಿಗೆ ಲಾಭ ಖಚಿತ. ಗೋಪುರಗಳ ಜಾಲವೋ ಸರ್ಕಾರದ ಸ್ವಂತ ಬಳಕೆಗೆ ಮಾತ್ರ ಮೀಸಲು. 1834ರಲ್ಲಿ ಅವರು ಟೂರ್ಸ್ ಠಾಣೆಯ ನೌಕರನಿಗೆ ಲಂಚ ಕೊಟ್ಟು ಒಂದು ಕೆಲಸ ಒಪ್ಪಿಸಿದರು. ಪ್ಯಾರಿಸ್‌ನಿಂದ ಗುಟ್ಟಾಗಿ ಸೂಚನೆ ಬಂದಾಗ ಆತ ಸರ್ಕಾರಿ ಸಂದೇಶದೊಳಗೆ ಗೊತ್ತಾದ ಒಂದು ‘ತಪ್ಪು’ ಸೇರಿಸಿ, ಅದರ ಹಿಂದೆಯೇ ಅಳಿಸುವ ಸಂಕೇತ ತೋರಿಸಬೇಕು. ಟೂರ್ಸನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಪ್ಯಾರಿಸ್‌ನಿಂದ ಬಂದ ಸಂದೇಶವನ್ನು ಅಲ್ಲಿ ಬಿಡಿಸಿ, ತಪ್ಪುಗಳನ್ನು ತೆಗೆದು, ಮತ್ತೆ ಮುಂದಕ್ಕೆ ಕಳಿಸುತ್ತಿದ್ದರು. ಆಮೇಲೆ ಸೇರಿಕೊಂಡ ತಪ್ಪು ಗೋಪುರದಿಂದ ಗೋಪುರಕ್ಕೆ ಬೋರ್ಡೋವರೆಗೂ ನಿರಾತಂಕವಾಗಿ ಸಾಗುತ್ತಿತ್ತು. ಬೋರ್ಡೋ ಬಳಿ ನಿಂತ ಅವರ ಕಡೆಯವನು ತೋಳುಗಳನ್ನು ಕಣ್ಣಾರೆ ನೋಡಿ ಬೆಲೆ ಏರಿತೋ ಇಳಿಯಿತೋ ತಿಳಿದುಕೊಳ್ಳುತ್ತಿದ್ದ. ಸರ್ಕಾರದ ಕೈಗೆ ಸಿಗುವ ಸಂದೇಶದಲ್ಲಿ ಮಾತ್ರ ಆ ತಪ್ಪಿನ ಸುಳಿವೂ ಉಳಿಯುತ್ತಿರಲಿಲ್ಲ.

ಎರಡು ವರ್ಷ ಇದು ನಡೆಯಿತು. 1836ರಲ್ಲಿ ಸಿಕ್ಕಿಬಿದ್ದಾಗ ಇಂಥ ಅಪರಾಧಕ್ಕೆ ಕಾನೂನೇ ಇರಲಿಲ್ಲ. ಸಹೋದರರು ಶಿಕ್ಷೆಯಿಂದ ಪಾರಾದರು. ಫ್ರಾನ್ಸ್ 1837ರಲ್ಲಿ ಟೆಲಿಗ್ರಾಫನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸುವ ಕಾಯ್ದೆ ತಂದಿತು. ತಂತ್ರಜ್ಞಾನ ಮುಂದೆ ಓಡಿ, ಕಾನೂನು ಹಿಂದಿನಿಂದ ಬರುವ ಕ್ರಮಕ್ಕೆ ಇದಕ್ಕಿಂತ ಹಳೆಯ, ಇಷ್ಟು ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ. ಇಂದು ಸೈಬರ್ ಸುರಕ್ಷತೆಯ ತಜ್ಞರು ‘ಗುಪ್ತ ಮಾರ್ಗ’ ಎಂದು ಕರೆಯುವುದೂ ಇದನ್ನೇ. ಸಂದೇಶವನ್ನು ಮುಟ್ಟದೆ, ಅದರ ನಿರ್ವಹಣೆಗೆಂದಿಟ್ಟ ಸಂಕೇತಗಳ ಸಂದಿಯಲ್ಲಿ ಬೇರೊಂದು ಮಾಹಿತಿಯನ್ನು ಅಡಗಿಸಿ ಸಾಗಿಸುವುದು.

ಷೇರು ಮಾರುಕಟ್ಟೆಯ ಆ ಆತುರವೂ ಹಾಗೆಯೇ ಇದೆ. 2010ರಲ್ಲಿ ಷಿಕಾಗೋ ಮತ್ತು ನ್ಯೂಜೆರ್ಸಿಯ ಮಾರುಕಟ್ಟೆಗಳ ನಡುವೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ, ಬೆಳಕಿನಿಂದ ಸಂಕೇತ ಸಾಗಿಸುವ ಗಾಜಿನ ಎಳೆಯ ಹೊಸ ಫೈಬರ್ ಹಾಕಿ, ಸಂಕೇತ ಹೋಗಿಬರುವ ಸಮಯವನ್ನು ಸುಮಾರು 13 ಮಿಲಿಸೆಕೆಂಡಿಗೆ ಇಳಿಸಿದರು. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್, ಗಾಳಿಯಲ್ಲಿ ಹೆಚ್ಚುಕಡಿಮೆ ಮೂರು ಲಕ್ಷ. ಹಾಗಾಗಿ ಕೆಲವೇ ವರ್ಷಗಳಲ್ಲಿ ಮೈಕ್ರೋವೇವ್ ಗೋಪುರಗಳ ಸಾಲು ಆ ಫೈಬರನ್ನು ಹಿಂದೆ ಹಾಕಿತು. ಒಂದಕ್ಕೊಂದು ಕಾಣುವಂತೆ ಎತ್ತರದಲ್ಲಿ ನಿಂತ ಗೋಪುರಗಳು, ಅವುಗಳ ನಡುವೆ ಮಾರುಕಟ್ಟೆಯ ಬೆಲೆ: ಶಾಪ್‌ನ ವಿನ್ಯಾಸವೇ ಮರಳಿ ಬಂದಂತಿದೆ.

ಮೇಜಿನ ಆಚೆ, ಮೇಜಿನ ಈಚೆ

ವಿದ್ಯುತ್ ಟೆಲಿಗ್ರಾಫ್ ಬಳಕೆಗೆ ಬಂದದ್ದು 1837ರ ನಂತರ. ಇಂಗ್ಲೆಂಡಿನಲ್ಲಿ ಕುಕ್ ಮತ್ತು ವೀಟ್‌ಸ್ಟನ್ ಆ ವರ್ಷ ಪೇಟೆಂಟ್ ಪಡೆದರು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಸರ್ಕಾರದಿಂದ 30,000 ಡಾಲರ್ ಪಡೆದು ವಾಷಿಂಗ್ಟನ್–ಬಾಲ್ಟಿಮೋರ್ ತಂತಿ ಎಳೆದು, 1844ರ ಮೇ 24ರಂದು ಸಂದೇಶ ಕಳಿಸಿದ. ಹತ್ತೇ ವರ್ಷಗಳಲ್ಲಿ ಯುರೋಪಿನ ಹಲವು ದೇಶಗಳಿಗೆ ತಮ್ಮದೇ ಜಾಲ, ತಮ್ಮದೇ ಯಂತ್ರ, ತಮ್ಮದೇ ದರ, ತಮ್ಮದೇ ಸಂಕೇತ ಬಂದವು. ಗಡಿಯಲ್ಲಿ ತಂತಿ ತುಂಡಾಗುತ್ತಿತ್ತು.

1852ರಲ್ಲಿ ಫ್ರಾನ್ಸ್ ಮತ್ತು ಜರ್ಮನ್ ಸಂಸ್ಥಾನವಾದ ಬಾಡೆನ್ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಜಂಟಿ ಠಾಣೆ ತೆರೆದವು. ಪ್ಯಾರಿಸ್‌ನಿಂದ ಬಂದ ತಂತಿಯನ್ನು ಫ್ರೆಂಚ್ ನೌಕರ ಕಾಗದದ ಮೇಲೆ ಬರೆದು ಮೇಜಿನ ಆಚೆ ಕುಳಿತ ಬಾಡೆನ್ ನೌಕರನ ಕೈಗೆ ಕೊಡುತ್ತಿದ್ದ. ಆತ ಅದನ್ನು ಜರ್ಮನ್‌ಗೆ ತಿರುಗಿಸಿ, ತನ್ನ ಯಂತ್ರದಲ್ಲಿ ಮುಂದೆ ಕಳಿಸುತ್ತಿದ್ದ. ಎರಡು ಜಾಲಗಳನ್ನು ಜೋಡಿಸುತ್ತಿದ್ದುದು ಒಂದು ಮೇಜು. ಇದನ್ನು ಇಂದಿನ ಕಂಪ್ಯೂಟರ್ ಭಾಷೆಯಲ್ಲಿ ಗೇಟ್‌ವೇ, ಅಂದರೆ ಜಾಲಗಳ ನಡುವಿನ ಬಾಗಿಲು, ಎನ್ನದೆ ಬೇರೇನೆನ್ನಬೇಕು? 1970ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞರಾದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎದುರಿಸಿದ್ದೂ ಇದೇ ತೊಡಕು. ತಂತಿಯ ಜಾಲ, ರೇಡಿಯೋ ಜಾಲ, ಉಪಗ್ರಹ ಜಾಲ ಒಂದೊಂದೂ ತನ್ನದೇ ನಿಯಮದಲ್ಲಿ ನಡೆಯುತ್ತಿದ್ದವು. ಯಾರೂ ತಮ್ಮ ಜಾಲವನ್ನು ಕೆಡವಿ ಕಟ್ಟಲು ಸಿದ್ಧರಿರಲಿಲ್ಲ. 1974ರಲ್ಲಿ ಅವರು ಪ್ರಕಟಿಸಿದ ಪರಿಹಾರವೆಂದರೆ, ಒಳಗೆ ಏನು ಬೇಕಾದರೂ ಇರಲಿ, ಗಡಿ ದಾಟುವಾಗ ಎಲ್ಲರೂ ಒಪ್ಪುವ ಒಂದೇ ಬಗೆಯ ಲಕೋಟೆ ಇರಲಿ ಎಂಬುದು. ಇಂಟರ್ನೆಟ್‌ಗೆ ಮೂಲವಾದ ಅಮೆರಿಕದ ಅರ್ಪಾನೆಟ್ ಜಾಲ 1983ರ ಜನವರಿ 1ರಂದು ಈ ಟಿಸಿಪಿ/ಐಪಿ ನಿಯಮಗಳಿಗೆ ಹೊರಳಿತು.

ಟೆಲಿಗ್ರಾಫ್ ಜಗತ್ತು ಅದೇ ತೀರ್ಮಾನಕ್ಕೆ ಮಾತುಕತೆಯ ದಾರಿಯಲ್ಲಿ ಬಂತು. 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ದೇಶಗಳು ಅಂತರರಾಷ್ಟ್ರೀಯ ಟೆಲಿಗ್ರಾಫ್ ಒಕ್ಕೂಟ ಕಟ್ಟಿದವು. ಅದೇ ಸಂಸ್ಥೆ ಇಂದು ವಿಶ್ವಸಂಸ್ಥೆಯ ಅಂಗವಾಗಿ, ಐಟಿಯು ಎಂಬ ಹೆಸರಿನಲ್ಲಿ ಜಿನೀವಾದಿಂದ ಕೆಲಸ ಮಾಡುತ್ತಿದೆ.

ತಂತಿ ಹಂಚಿಕೊಳ್ಳುವ ವಿಧಾನವನ್ನೂ ಇಲ್ಲಿ ನೋಡಬೇಕು. ಒಂದೂರಿನಿಂದ ಪ್ರತಿ ಊರಿಗೂ ನೇರ ತಂತಿ ಎಳೆಯುವುದು ಆಗದ ಕೆಲಸ. ಆದ್ದರಿಂದ ಸಂದೇಶವನ್ನು ನಡುವಿನ ಕಚೇರಿಗೆ ಕಳಿಸಿ, ಅಲ್ಲಿ ಬರೆದಿಟ್ಟುಕೊಂಡು, ಮುಂದಿನ ತಂತಿ ಬಿಡುವಾದಾಗ ಮುಂದೆ ಕಳಿಸುತ್ತಿದ್ದರು. ಪ್ರತಿ ಸಂದೇಶದ ತಲೆಯಲ್ಲಿ ಎಲ್ಲಿಂದ, ಎಲ್ಲಿಗೆ, ಯಾವಾಗ ಎಂಬುದರ ಜೊತೆಗೆ ಒಟ್ಟು ಎಷ್ಟು ಪದ ಎಂಬ ಲೆಕ್ಕವೂ ಇರುತ್ತಿತ್ತು. ಪಡೆದವನು ಪದಗಳನ್ನು ಎಣಿಸಿ, ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಕೇಳುತ್ತಿದ್ದ. ಇಂಟರ್ನೆಟ್‌ನಲ್ಲಿ ಸಾಗುವ ಮಾಹಿತಿಯ ಪ್ರತಿ ತುಂಡಿನ, ಅಂದರೆ ಪ್ಯಾಕೆಟ್‌ನ, ತಲೆಯಲ್ಲೂ ಹೊರಟ ವಿಳಾಸ, ಸೇರಬೇಕಾದ ವಿಳಾಸ, ಉದ್ದ ಇವೇ ಇರುತ್ತವೆ.

ಹೊಸದಾಗಿ ಬಂದದ್ದು ಒಂದು, ಅದು ದೊಡ್ಡದು. ಟೆಲಿಗ್ರಾಫ್ ಇಡೀ ಸಂದೇಶವನ್ನು ಒಂದೇ ಗಂಟಾಗಿ ಸಾಗಿಸುತ್ತಿತ್ತು. ಉದ್ದದ ಸಂದೇಶವೊಂದು ತಂತಿ ಹಿಡಿದು ಕುಳಿತರೆ ಹಿಂದಿನ ಹತ್ತು ಚಿಕ್ಕ ಸಂದೇಶಗಳು ಕಾಯಬೇಕಿತ್ತು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಎಲ್ಲ ಸಂದೇಶವನ್ನೂ ಸಣ್ಣ ತುಂಡುಗಳಾಗಿ ಕತ್ತರಿಸಿ ಕಳಿಸೋಣ ಎಂಬ ಒಂದೇ ಆಲೋಚನೆಗೆ ಬಂದರು. ತುಂಡುಗಳು ಬೇರೆಬೇರೆ ದಾರಿ ಹಿಡಿದರೂ ಕೊನೆಯಲ್ಲಿ ಜೋಡಿಸಿದರಾಯಿತು. ಅದಕ್ಕೂ ಮೊದಲು 1870ರ ದಶಕದಲ್ಲಿ ಎಮಿಲ್ ಬಾಡೋ ಒಂದೇ ತಂತಿಯ ಸಮಯವನ್ನು ಚೂರುಮಾಡಿ ಹಲವು ನೌಕರರಿಗೆ ಸರದಿಯಲ್ಲಿ ಹಂಚುವ ಯಂತ್ರ ರೂಪಿಸಿದ್ದ. ಅವನ ಸಂಕೇತದಲ್ಲಿ ಪ್ರತಿ ಅಕ್ಷರಕ್ಕೂ ಐದು ಬಿಟ್, ಅಂದರೆ ಸೊನ್ನೆ ಅಥವಾ ಒಂದರ ಐದು ಸ್ಥಾನಗಳು.

ಐದು ಬಿಟ್ ಎಂದರೆ ಕೇವಲ 32 ಜೋಡಣೆಗಳು. ಯಾರ ಅಕ್ಷರಗಳಿಗೆ ಅದರಲ್ಲಿ ಜಾಗ? ಕುಕ್–ವೀಟ್‌ಸ್ಟನ್‌ರ ಐದು ಮುಳ್ಳಿನ ಯಂತ್ರದಲ್ಲಿ ಇಂಗ್ಲಿಷಿನ ಎಲ್ಲ ಅಕ್ಷರಗಳಿಗೂ ಸ್ಥಳವಿರಲಿಲ್ಲ, 20ಕ್ಕೆ ಮಾತ್ರ ಇತ್ತು. ಚೀನೀ ಭಾಷೆಯಲ್ಲಿ ತಂತಿ ಕಳಿಸಲು ಪ್ರತಿ ಅಕ್ಷರಕ್ಕೂ ನಾಲ್ಕು ಅಂಕಿಗಳ ಸಂಖ್ಯೆ ಕೊಟ್ಟು, ಆ ಅಂಕಿಗಳನ್ನು ಕಳಿಸಿ, ಆಚೆ ತುದಿಯಲ್ಲಿ ಪುಸ್ತಕ ನೋಡಿ ಬಿಡಿಸಬೇಕಿತ್ತು. ಈ ಅಸಮತೆ ಕಂಪ್ಯೂಟರಿಗೂ ದಾಟಿತು. ಆಸ್ಕಿಯ 128 ಸ್ಥಾನಗಳಲ್ಲಿ ಕನ್ನಡಕ್ಕೆ ಒಂದೂ ಇಲ್ಲ. 1991ರಲ್ಲಿ, ಹಲವು ಲಿಪಿಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯ ಮೊದಲ ಆವೃತ್ತಿ ಬಂದಾಗ ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿತು. ಆದರೂ ಹಳೆಯ ಲೆಕ್ಕ ಪೂರ್ತಿ ತೀರಿಲ್ಲ. ವೆಬ್‌ನಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದು ಸಂಕೇತಕ್ಕೆ ಮೂರು ಬೇಕು. ‘ಕೃ’ ಎಂಬಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು ಸೇರಿ ಆರು ಬೈಟ್. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಸುತ್ತವೆ, ಕನ್ನಡವಾದರೆ 70 ಸಂಕೇತ ಮಾತ್ರ.

ಒಂದು ಚುಕ್ಕೆಯ ಬೆಲೆ

ತಂತಿಗೆ ಪದದ ಲೆಕ್ಕದಲ್ಲಿ ಹಣ. 1866ರಲ್ಲಿ ಅಟ್ಲಾಂಟಿಕ್ ಕೇಬಲ್ ಬಳಕೆಗೆ ಬಂದಾಗ 20 ಪದಗಳ ಸಂದೇಶಕ್ಕೆ 20 ಪೌಂಡ್ ಕೊಡಬೇಕಿತ್ತು. ಇಷ್ಟು ದುಬಾರಿಯಾದ ಮೇಲೆ ಜನ ಮಾತನ್ನು ಹಿಂಡಿ ಚಿಕ್ಕದು ಮಾಡಲು ತೊಡಗಿದರು. ವ್ಯಾಪಾರಿಗಳಿಗಾಗಿ ದಪ್ಪ ಸಂಕೇತಕೋಶಗಳು ಅಚ್ಚಾದವು. ‘ಸರಕು ಬಂದು ತಲುಪಿದೆ, ಹಣ ಕಳಿಸಿ’ ಎಂಬಂಥ ಇಡೀ ವಾಕ್ಯಕ್ಕೆ ಒಂದೇ ಪದ. ಕಂಪನಿಗಳು ಒಂದು ಪದಕ್ಕೆ ಗರಿಷ್ಠ ಹತ್ತು ಅಕ್ಷರ ಎಂದು ಮಿತಿ ಹಾಕಿದಾಗ, 1906ರ ಬೆಂಟ್ಲಿ ಸಂಕೇತಕೋಶ ಪ್ರತಿ ವಾಕ್ಯಕ್ಕೂ ಐದಕ್ಷರದ ಪದ ಕೊಟ್ಟಿತು. ಎರಡನ್ನು ಅಂಟಿಸಿದರೆ ಒಂದೇ ಪದದ ದರ. ಫೋಟೋ, ವಿಡಿಯೋಗಳನ್ನು ಕಿರಿದುಗೊಳಿಸುವ ಇಂದಿನ ಸಂಪೀಡನ ತಂತ್ರದ ಹಿಂದಿರುವುದೂ ಇದೇ ತರ್ಕ: ಪದೇಪದೇ ಬರುವುದಕ್ಕೆ ಚಿಕ್ಕ ಸಂಕೇತ ಕೊಡು, ಎರಡೂ ತುದಿಗಳಲ್ಲಿ ಒಂದೇ ಕೋಶ ಇರಲಿ.

ಆದರೆ ಮಾತನ್ನು ಹಿಂಡಿದಷ್ಟೂ ತಪ್ಪಿನ ಪೆಟ್ಟು ದೊಡ್ಡದಾಗುತ್ತದೆ. 1887ರಲ್ಲಿ ಫಿಲಡೆಲ್ಫಿಯಾದ ಉಣ್ಣೆ ವ್ಯಾಪಾರಿ ಫ್ರಾಂಕ್ ಪ್ರಿಮ್ರೋಸ್ ಕ್ಯಾನ್ಸಸ್‌ನಲ್ಲಿದ್ದ ತನ್ನ ಏಜೆಂಟನಿಗೆ ಒಂದು ತಂತಿ ಕಳಿಸಿದ. ಅದರಲ್ಲಿ ‘ಬೇ’ (BAY) ಎಂಬ ಸಂಕೇತಪದವಿತ್ತು. ‘ನಾನು ಕೊಂಡಿದ್ದೇನೆ’ ಎಂದು ಅದರ ಅರ್ಥ. ಮೋರ್ಸ್‌ನಲ್ಲಿ ಆ ಪದದ ನಡುವಿನ ಅಕ್ಷರಕ್ಕೆ ಒಂದು ಚುಕ್ಕೆ, ಒಂದು ಗೆರೆ. ದಾರಿಯಲ್ಲೆಲ್ಲೋ ಒಂದು ಚುಕ್ಕೆ ಹೆಚ್ಚಾಗಿ ಸೇರಿಕೊಂಡು, ಅದು ‘ಕೊಂಡುಕೋ’ ಎಂಬ ಅರ್ಥದ ‘ಬೈ’ (BUY) ಆಗಿ ತಲುಪಿತು. ಏಜೆಂಟ್ ಸುಮಾರು ಮೂರು ಲಕ್ಷ ಪೌಂಡ್ ತೂಕದ ಉಣ್ಣೆ ಕೊಂಡುಬಿಟ್ಟ. ಪ್ರಿಮ್ರೋಸ್‌ಗೆ 20,000 ಡಾಲರಿಗೂ ಮೀರಿದ ನಷ್ಟ. ಆತ ವೆಸ್ಟರ್ನ್ ಯೂನಿಯನ್ ಎಂಬ ಟೆಲಿಗ್ರಾಫ್ ಕಂಪನಿಯ ಮೇಲೆ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1894ರ ತೀರ್ಪಿನಲ್ಲಿ ಅವನಿಗೆ ದಕ್ಕಿದ್ದು ತಂತಿಗೆ ಕೊಟ್ಟಿದ್ದ 1 ಡಾಲರ್ 15 ಸೆಂಟ್ ಮಾತ್ರ. ಸಂದೇಶವನ್ನು ತಿರುಗಿ ಓದಿಸಿ ಪರಿಶೀಲಿಸಲು ಅರ್ಧ ದರ ಹೆಚ್ಚು ಕೊಡುವ ಅವಕಾಶವಿದ್ದರೂ ಆತ ಕೊಟ್ಟಿರಲಿಲ್ಲ, ತಂತಿಯ ನಮೂನೆಯ ಹಿಂಬದಿಯಲ್ಲಿ ಕಂಪನಿಯ ಷರತ್ತು ಅಚ್ಚಾಗಿತ್ತು ಎಂಬುದು ವಾದ. ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ನಮಗೆಲ್ಲ ಪ್ರಿಮ್ರೋಸ್ ಹತ್ತಿರದವನು.

ಇಂಥ ಅನುಭವಗಳಿಂದ ಸಂಕೇತಕೋಶ ಬರೆಯುವವರು ಒಂದು ನಿಯಮ ಕಂಡುಕೊಂಡರು. ಯಾವ ಎರಡು ಸಂಕೇತಪದಗಳೂ ಒಂದೇ ಅಕ್ಷರದಿಂದ ಬೇರೆಯಾಗಬಾರದು, ಕನಿಷ್ಠ ಎರಡು ಅಕ್ಷರ ಬೇರೆಯಿರಬೇಕು. ಆಗ ಒಂದಕ್ಷರ ಕೆಟ್ಟರೆ ಹುಟ್ಟುವ ಪದ ಕೋಶದಲ್ಲಿ ಇರುವುದೇ ಇಲ್ಲ, ತಪ್ಪಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಇದೇ ಅಂತರದ ಕಲ್ಪನೆಗೆ ಗಣಿತದ ರೂಪ ಕೊಟ್ಟು, ಅಂತರವನ್ನು ಇನ್ನಷ್ಟು ಹಿಗ್ಗಿಸಿದರೆ ತಪ್ಪನ್ನು ಹಿಡಿಯುವುದಷ್ಟೇ ಅಲ್ಲದೆ ತಾನಾಗಿಯೇ ತಿದ್ದಲೂಬಹುದು ಎಂದು ತೋರಿಸಿದ. ಮೆಮೊರಿ ಚಿಪ್, ಮೊಬೈಲ್ ಸಂಕೇತ, ಕ್ಯೂಆರ್ ಕೋಡ್ ಎಲ್ಲದರಲ್ಲೂ ಈ ಕಲ್ಪನೆ ಕೆಲಸ ಮಾಡುತ್ತಿದೆ. ಸ್ವಲ್ಪ ಹರಿದ ಕ್ಯೂಆರ್ ಚೀಟಿಯೂ ಸಾಮಾನ್ಯವಾಗಿ ಸರಿಯಾಗಿ ಓದಿಸಿಕೊಳ್ಳುವುದು ಅದರಿಂದಲೇ.

ಸಮುದ್ರದ ತಳದಲ್ಲಿ

1858ರ ಆಗಸ್ಟ್ 16ರಂದು ರಾಣಿ ವಿಕ್ಟೋರಿಯಾಳ 98 ಪದಗಳ ಸಂದೇಶ ಹೊಸ ಅಟ್ಲಾಂಟಿಕ್ ಕೇಬಲ್ ಮೂಲಕ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಹೋಯಿತು. ಪೂರ್ತಿ ತಲುಪಲು ಸುಮಾರು 16 ಗಂಟೆ ಬೇಕಾಯಿತು. ಅಷ್ಟು ನಿಧಾನವೇಕೆ? ನೀರಿನಡಿಯ ಕೇಬಲ್ ಎಂದರೆ ಒಳಗೆ ತಾಮ್ರ, ಸುತ್ತ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಹೊರಗೆ ಉಪ್ಪುನೀರು. ಅದು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಈ ತುದಿಯಲ್ಲಿ ಚುರುಕಾಗಿ ಹೊರಟ ಮಿಡಿತ ಆ ತುದಿಯಲ್ಲಿ ಉದ್ದಕ್ಕೆ ಹರಡಿಕೊಂಡು ಬರುತ್ತದೆ. ಒಂದು ಮಿಡಿತ ಮುಗಿಯುವ ಮೊದಲೇ ಇನ್ನೊಂದು ಕಳಿಸಿದರೆ ಎರಡೂ ಕಲಸಿಹೋಗುತ್ತವೆ. ಕೇಬಲ್ ಎರಡು ಪಟ್ಟು ಉದ್ದವಾದರೆ ಈ ವಿಳಂಬ ನಾಲ್ಕು ಪಟ್ಟಾಗುತ್ತದೆ ಎಂದು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ ಲೆಕ್ಕ ಹಾಕಿ ಹೇಳಿದ್ದ. ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಅದನ್ನು ಒಪ್ಪಲಿಲ್ಲ. ಸಂಕೇತ ದುರ್ಬಲವಾದಾಗ ಆತ ಸುಮಾರು 2,000 ವೋಲ್ಟ್ ಹರಿಸಿದ. ಮೊದಲೇ ದೋಷಗಳಿದ್ದ ಕೇಬಲ್ ಒಂದು ತಿಂಗಳೂ ಬಾಳದೆ ಸತ್ತಿತು. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹಾಸಿದ ಕೇಬಲ್ ಗೆದ್ದದ್ದು ಥಾಮ್ಸನ್ ಹೇಳಿದಂತೆ ತಾಮ್ರವನ್ನು ದಪ್ಪ ಮಾಡಿ, ಅವನದೇ ಸೂಕ್ಷ್ಮ ಕನ್ನಡಿ ಮಾಪಕದಿಂದ ಮಂದ ಸಂಕೇತವನ್ನೂ ಓದಿದ್ದರಿಂದ. ಆಗ ವೇಗ ನಿಮಿಷಕ್ಕೆ ಸುಮಾರು ಎಂಟು ಪದ.

ಮಿಡಿತ ಹರಡಿಕೊಳ್ಳುವ ಈ ಕಾಟ ಗಾಜಿನ ಎಳೆಗೂ ಇದೆ, ಕಾರಣ ಬೇರೆ. ಬೆಳಕಿನ ಬೇರೆಬೇರೆ ತರಂಗಗಳು ಗಾಜಿನಲ್ಲಿ ಬೇರೆಬೇರೆ ವೇಗದಲ್ಲಿ ಸಾಗುತ್ತವೆ. ಮೊದಲ ಅಟ್ಲಾಂಟಿಕ್ ಫೈಬರ್ ಕೇಬಲ್ ಟ್ಯಾಟ್-8 ಬಂದದ್ದು 1988ರಲ್ಲಿ. ಇಂದು ಖಂಡಗಳ ನಡುವಿನ ದತ್ತಾಂಶದಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಸಾಗುವುದು ಸಮುದ್ರದಡಿಯ ಕೇಬಲ್‌ಗಳಲ್ಲಿ, ಉಪಗ್ರಹಗಳಲ್ಲಲ್ಲ. ವರ್ಜೀನಿಯಾ ಬೀಚ್‌ನಿಂದ ಸ್ಪೇನಿನ ಬಿಲ್ಬಾವೋಗೆ ಹೋಗುವ ಮರೇಯಾ ಕೇಬಲ್ಲನ್ನು ಸೆಕೆಂಡಿಗೆ 160 ಟೆರಾಬಿಟ್ ಸಾಗಿಸುವಂತೆ ವಿನ್ಯಾಸಗೊಳಿಸಲಾಯಿತು.

ಸಾಮರ್ಥ್ಯ ಊಹೆಗೂ ಮೀರಿ ಬೆಳೆದರೂ ದಾರಿಗಳು ಹೆಚ್ಚು ಬದಲಾಗಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಪೋರ್ತ್‌ಕರ್ನೋ ಎಂಬ ಚಿಕ್ಕ ಕೊಲ್ಲಿಗೆ 1870ರಲ್ಲಿ ಮುಂಬೈಯನ್ನು ಸೂಯೆಜ್ ಮಾರ್ಗವಾಗಿ ಜೋಡಿಸುವ ಕೇಬಲ್ ಬಂದು ಸೇರಿತು. 1990ರ ದಶಕದಲ್ಲಿ ಯುರೋಪ್–ಏಷ್ಯಾ ನಡುವಿನ ಫ್ಲ್ಯಾಗ್ ಎಂಬ ಫೈಬರ್ ಕೇಬಲ್ ದಡ ಮುಟ್ಟಿದ್ದೂ ಅಲ್ಲಿಯೇ. ಅಲೆಕ್ಸಾಂಡ್ರಿಯಾ, ಸೂಯೆಜ್, ಕೆಂಪು ಸಮುದ್ರ, ಮುಂಬೈ, ಸಿಂಗಪುರ: ವಿಕ್ಟೋರಿಯಾ ಕಾಲದ ನಕ್ಷೆಯಲ್ಲಿ ಗೆರೆಗಳು ಒತ್ತೊತ್ತಾಗಿ ಸೇರುವ ಜಾಗಗಳೇ ಇಂದೂ ಇಕ್ಕಟ್ಟಿನ ಜಾಗಗಳು. 2008ರ ಜನವರಿಯಲ್ಲಿ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಪಶ್ಚಿಮ ಏಷ್ಯಾದಿಂದ ಭಾರತದವರೆಗೆ ಇಂಟರ್ನೆಟ್ ತೆವಳಿತು. 2024ರಲ್ಲಿ ಕೆಂಪು ಸಮುದ್ರದಲ್ಲೂ ಹಾಗೆಯೇ ಆಯಿತು. ಆಕಾಶದಲ್ಲಿ ತೇಲುವ ಮೋಡದಂತೆ ಇಂಟರ್ನೆಟ್ಟನ್ನು ಊಹಿಸಿಕೊಂಡವರಿಗೆ ಒಂದು ಹಡಗಿನ ಲಂಗರು ಸಾವಿರಾರು ಕಿಲೋಮೀಟರ್ ದೂರದ ಕಚೇರಿಯ ಕೆಲಸ ನಿಲ್ಲಿಸಬಲ್ಲದು ಎಂಬುದು ನಂಬಲಾಗದ ಮಾತು. ಟೆಲಿಗ್ರಾಫ್ ಕಾಲದವರಿಗೆ ಅದು ದಿನನಿತ್ಯದ ತಿಳಿವಳಿಕೆ.

ಸೂರ್ಯನಿಂದ ಬರುವ ಅಪಾಯವನ್ನೂ ಅವರು ಕಂಡಿದ್ದರು. 1859ರ ಸೆಪ್ಟೆಂಬರ್ ಆರಂಭದ ಸೌರ ಚಂಡಮಾರುತದಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್‌ನ ನೌಕರರು ಬ್ಯಾಟರಿ ಕಿತ್ತಿಟ್ಟು, ಧ್ರುವಪ್ರಭೆ ತಂತಿಯಲ್ಲಿ ಹುಟ್ಟಿಸಿದ ವಿದ್ಯುತ್ತಿನಿಂದಲೇ ಮಾತಾಡಿಕೊಂಡರು. ಫೈಬರ್ ಸ್ವತಃ ವಿದ್ಯುತ್ ಒಯ್ಯುವುದಿಲ್ಲ. ಆದರೆ ಸಮುದ್ರದಡಿ ಹತ್ತಾರು ಕಿಲೋಮೀಟರಿಗೊಂದು ಇರುವ ಬೆಳಕಿನ ವರ್ಧಕಗಳಿಗೆ ದಡದಿಂದ ವಿದ್ಯುತ್ ಸಾಗಿಸುವ ಲೋಹದ ವಾಹಕ ಇಂದಿನ ಕೇಬಲ್‌ನೊಳಗೂ ಇದೆ.

ನಡುವೆ ನಿಂತವರು

1858ರ ಕೇಬಲ್ ಬಂದಾಗ ನ್ಯೂಯಾರ್ಕ್ ನಗರ ಪಟಾಕಿ ಸುಟ್ಟ ಸಂಭ್ರಮಕ್ಕೆ ಅಲ್ಲಿಯ ಸಿಟಿ ಹಾಲ್‌ನ ಮಾಳಿಗೆಗೇ ಬೆಂಕಿ ಹತ್ತಿತು. ಪರಸ್ಪರ ಮಾತಾಡಬಲ್ಲ ದೇಶಗಳು ಇನ್ನು ಯುದ್ಧ ಮಾಡಲಾರವು ಎಂದು ಪತ್ರಿಕೆಗಳು ಬರೆದವು. ಮೂರೇ ವರ್ಷದಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು, ಅಧ್ಯಕ್ಷ ಲಿಂಕನ್ ಯುದ್ಧವನ್ನು ಟೆಲಿಗ್ರಾಫ್ ಕಚೇರಿಯಲ್ಲಿ ಕುಳಿತು ಹಿಂಬಾಲಿಸಿದ. 1990ರ ದಶಕದಲ್ಲಿ ಇಂಟರ್ನೆಟ್ ಬಗ್ಗೆ ಇದೇ ಭರವಸೆಯ ಮಾತು ಕೇಳಿದೆವು. ಎರಡೂ ಸಲ ಎಡವಿದ್ದು ಒಂದೇ ಕಡೆ ಎಂದು ನನಗನಿಸುತ್ತದೆ. ಎಲ್ಲರೂ ಎರಡು ತುದಿಗಳನ್ನು ನೋಡಿದರು, ನಡುವಿನದನ್ನು ನೋಡಲಿಲ್ಲ.

ನಡುವಿನ ಬಲವನ್ನು ಸರ್ಕಾರಗಳು ಬೇಗ ಅರಿತವು. 1914ರ ಆಗಸ್ಟ್ 4ರ ರಾತ್ರಿ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನ ಬೆಳಗಾಗುವಷ್ಟರಲ್ಲಿ ‘ಅಲರ್ಟ್’ ಎಂಬ ಬ್ರಿಟಿಷ್ ಹಡಗು ಇಂಗ್ಲಿಷ್ ಕಡಲ್ಗಾಲುವೆಯಲ್ಲಿದ್ದ ಜರ್ಮನಿಯ ಐದು ಕೇಬಲ್ ಕತ್ತರಿಸಿತ್ತು. ಅದರಿಂದಾಗಿ ಜರ್ಮನಿ ಬೇರೆಯವರ ತಂತಿಗಳನ್ನು ಆಶ್ರಯಿಸಬೇಕಾಯಿತು. 1917ರ ಜನವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ಜಿಮ್ಮರ್‌ಮನ್, ಅಮೆರಿಕದ ವಿರುದ್ಧ ಕೈಜೋಡಿಸುವಂತೆ ಮೆಕ್ಸಿಕೋವನ್ನು ಆಹ್ವಾನಿಸುವ ಗುಪ್ತ ತಂತಿಯನ್ನು ಅಮೆರಿಕದ್ದೇ ರಾಜತಾಂತ್ರಿಕ ಮಾರ್ಗದಲ್ಲಿ ಕಳಿಸಿದ. ಆ ಮಾರ್ಗ ಬ್ರಿಟನ್ ಮೂಲಕ ಹಾದುಹೋಗುತ್ತಿತ್ತು. ಬ್ರಿಟಿಷ್ ನೌಕಾಪಡೆಯ ಸಂಕೇತಭೇದಕರು ಅದನ್ನು ಹಿಡಿದು ಬಿಡಿಸಿದರು. ಅಮೆರಿಕ ಯುದ್ಧಕ್ಕಿಳಿಯಲು ಅದೂ ಒಂದು ಕಾರಣವಾಯಿತು. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯಲ್ಲಿ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳು ಬ್ರಿಟನ್ನಿನ ಜಿಸಿಎಚ್‌ಕ್ಯೂ ಎಂಬ ಗುಪ್ತಚರ ಸಂಸ್ಥೆ ಫೈಬರ್ ಕೇಬಲ್‌ಗಳ ದತ್ತಾಂಶವನ್ನು ಸಾರಾಸಗಟಾಗಿ ಸೋಸುತ್ತಿದ್ದುದನ್ನು ತೋರಿಸಿದವು. ಆ ಕೆಲಸದ ಒಂದು ಪ್ರಮುಖ ನೆಲೆ ಕಾರ್ನ್‌ವಾಲ್‌ನ ಬ್ಯೂಡ್. ಕೇಬಲ್ ದಡ ಸೇರುವ ಕಡೆ ಕಿವಿಯೂ ಇರುತ್ತದೆ.

ಖಾಸಗಿ ಕೈಯಲ್ಲಿದ್ದರೂ ತೊಡಕು ತಪ್ಪುವುದಿಲ್ಲ. ವೆಸ್ಟರ್ನ್ ಯೂನಿಯನ್ 1866ರಲ್ಲಿ ಎರಡು ದೊಡ್ಡ ಪ್ರತಿಸ್ಪರ್ಧಿಗಳನ್ನು ನುಂಗಿ ಅಮೆರಿಕದಾದ್ಯಂತ ಹರಡಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗೆ ಅದು ರಿಯಾಯಿತಿ ದರ ಕೊಡುತ್ತಿತ್ತು, ಪ್ರತಿಯಾಗಿ ಆ ಸಂಸ್ಥೆ ಬೇರೆ ತಂತಿ ಕಂಪನಿಗಳನ್ನು ದೂರವಿಡುತ್ತಿತ್ತು. 1881ರಲ್ಲಿ ಷೇರುಪೇಟೆಯ ಕುಳ ಜೇ ಗೌಲ್ಡ್ ಕಂಪನಿಯ ಹಿಡಿತ ಪಡೆದಾಗ, ವ್ಯಾಪಾರಿಗಳ ತಂತಿಗಳೆಲ್ಲ ಅವರದೇ ಎದುರಾಳಿಯ ಜಾಲದಲ್ಲಿ ಹರಿಯುವಂತಾಯಿತು. ಅಮೆರಿಕದ ಸಂಸತ್ತು 1860ರಲ್ಲೇ, ಪೆಸಿಫಿಕ್ ಕರಾವಳಿಗೆ ತಂತಿ ಎಳೆಯುವವರಿಗೆ ಸಹಾಯಧನ ಕೊಡುವ ಕಾಯ್ದೆಯಲ್ಲಿ, ಸರ್ಕಾರದ ತಂತಿಗಳನ್ನು ಬಿಟ್ಟರೆ ಉಳಿದೆಲ್ಲರ ಸಂದೇಶಗಳನ್ನೂ ಬಂದ ಸರದಿಯಲ್ಲೇ ಪಕ್ಷಪಾತವಿಲ್ಲದೆ ಕಳಿಸಬೇಕೆಂದು ಬರೆದಿತ್ತು. ಜಾಲ ತಟಸ್ಥತೆಯ ವಾದ ಇದೇ. 2016ರ ಫೆಬ್ರುವರಿಯಲ್ಲಿ ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ನೋಡುವ ವಿಷಯಕ್ಕೆ ತಕ್ಕಂತೆ ಡೇಟಾ ದರ ಬದಲಿಸುವುದನ್ನು ನಿಷೇಧಿಸಿದ್ದು ಅದೇ ತತ್ವದಿಂದ.

ಭಾರತದ ಉದಾಹರಣೆ ಇನ್ನೊಂದು ಕಾರಣಕ್ಕೆ ಮುಖ್ಯ. ವಸಾಹತು ಸರ್ಕಾರ 1885ರಲ್ಲಿ ತಂದ ಟೆಲಿಗ್ರಾಫ್ ಕಾಯ್ದೆ ಸಂದೇಶಗಳನ್ನು ತಡೆಯುವ, ಓದುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು, ಕಾಯ್ದೆ ಮುಗಿಯಲಿಲ್ಲ. ಇಂಟರ್ನೆಟ್ ಸ್ಥಗಿತಗೊಳಿಸುವ 2017ರ ನಿಯಮಗಳು ರಚನೆಯಾದದ್ದು ಅದರ ಅಡಿಯಲ್ಲೇ. ಅದರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದರೂ ತಡೆಯುವ ಮತ್ತು ನಿಲ್ಲಿಸುವ ಅಧಿಕಾರ ಹಾಗೆಯೇ ಮುಂದುವರಿದಿದೆ.

ಹಾಗಾದರೆ ಎರಡಕ್ಕೂ ವ್ಯತ್ಯಾಸ ಎಲ್ಲಿ? ಟೆಲಿಗ್ರಾಫ್‌ನಲ್ಲಿ ಜಾಣ್ಮೆಯೆಲ್ಲ ನಡುವಿನಲ್ಲಿತ್ತು. ಮೋರ್ಸ್ ಬಲ್ಲವನು ನೌಕರ. ಗ್ರಾಹಕ ಬರೆದ ಚೀಟಿಯನ್ನು ಅವನು ಓದಲೇಬೇಕು, ಓದದೆ ಕಳಿಸಲಾಗದು. ಇಂಟರ್ನೆಟ್ ಕಟ್ಟಿದವರು ಜಾಣ್ಮೆಯನ್ನು ತುದಿಗಳಿಗೆ ಸರಿಸಿದರು. ನಡುವಿನ ರೂಟರ್ ವಿಳಾಸ ನೋಡಿ ಪ್ಯಾಕೆಟ್ ದಾಟಿಸುತ್ತದೆ, ಕಳೆದುಹೋದ ತುಂಡನ್ನು ಮತ್ತೆ ಕೇಳುವುದು, ಜೋಡಿಸುವುದು ತುದಿಯ ಯಂತ್ರಗಳ ಕೆಲಸ. ಇದರಿಂದಲೇ ಯಾರ ಅನುಮತಿಯೂ ಇಲ್ಲದೆ ಹೊಸ ಸೇವೆ ಆರಂಭಿಸುವುದು ಸಾಧ್ಯವಾಯಿತು. ಇದರಿಂದಲೇ ತುದಿಯಿಂದ ತುದಿಗೆ ಗೂಢಲಿಪಿಯೂ ಸಾಧ್ಯವಾಯಿತು. ವ್ಯಾಪಾರಿಗಳು ದಪ್ಪ ಕೋಶ ಹಿಡಿದು ಕಷ್ಟಪಟ್ಟು ಮಾಡುತ್ತಿದ್ದ ಗುಟ್ಟಿನ ಕೆಲಸವನ್ನು ಇಂದು ಮೊಬೈಲ್, ಬಳಸುವವನಿಗೆ ತಿಳಿಯದಂತೆ, ಅದಕ್ಕಿಂತ ಎಷ್ಟೋ ಪಾಲು ಭದ್ರವಾಗಿ ಮಾಡುತ್ತದೆ.

ಆದರೂ ಲಕೋಟೆಯ ಹೊರಮೈ ತೆರೆದೇ ಇದೆ. ಸಂದೇಶದ ಒಳಗಿನದನ್ನು ಮುಚ್ಚಿದರೂ ಯಾರು ಯಾರಿಗೆ, ಯಾವಾಗ, ಎಷ್ಟು ದೊಡ್ಡದನ್ನು ಕಳಿಸಿದರು ಎಂಬುದು ನಡುವಿನವರಿಗೆ ಕಾಣುತ್ತದೆ. ಸುರಕ್ಷಿತ ಸಂಪರ್ಕದಲ್ಲೂ ನೀವು ನೋಡಹೊರಟ ಜಾಲತಾಣದ ಹೆಸರು ಮೊದಲ ಕೋರಿಕೆಯಲ್ಲಿ ಬಹುಕಾಲ ಬಯಲಾಗಿಯೇ ಹೋಗುತ್ತಿತ್ತು. ಅದನ್ನೂ ಮುಚ್ಚುವ ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ ಎಂಬ ಪದ್ಧತಿ ಈಗ ನಿಧಾನವಾಗಿ ಬಳಕೆಗೆ ಬರುತ್ತಿದೆ. ಕಳಿಸುವವರ ಗುರುತು ಮರೆಸಲು ಸಂದೇಶವನ್ನು ಹಲವು ರಿಲೇ ಕಂಪ್ಯೂಟರುಗಳ ಮೂಲಕ ಸಾಗಿಸುವ ಟಾರ್ ಜಾಲದಲ್ಲಿ ಒಂದೊಂದು ನಿಲ್ದಾಣಕ್ಕೂ ತನ್ನ ಹಿಂದಿನದು ಮತ್ತು ಮುಂದಿನದು ಮಾತ್ರ ಗೊತ್ತಿರುತ್ತದೆ, ಶಾಪ್‌ನ ಗೋಪುರದ ನೌಕರನಿಗೆ ಗೊತ್ತಿರುತ್ತಿದ್ದಂತೆ. ಮುಂದಿನ ನಿಲ್ದಾಣದ ಐಪಿ ವಿಳಾಸವನ್ನು ಮಾತ್ರ ಯಾರಿಂದಲೂ ಮುಚ್ಚಲಾಗಿಲ್ಲ. ಅದನ್ನು ಓದದೆ ಪ್ಯಾಕೆಟ್ಟನ್ನು ಎತ್ತ ಕಳಿಸಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ.